ಬೇಟೆ ಜೋರಾಗಿತ್ತು, ಕರಡಿ ಕಮ್ಮಿಯಾಗುತ್ತಿತ್ತು: ಮಿನ್ನೆಸೋಟ ಕಾಡಿನ ಲೆಕ್ಕ

ಅಮೆರಿಕದ ಮಿನ್ನೆಸೋಟ ರಾಜ್ಯದ ಮುಖ್ಯ ಕರಡಿ ಕಾಡುಗಳಲ್ಲಿ ಬೇಟೆಯಾಡಲು ಪರ್ಮಿಟ್ ಬೇಕು. 1990ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿನ ಸರ್ಕಾರ ವರ್ಷಕ್ಕೆ 20,000ಕ್ಕೂ ಹೆಚ್ಚು ಪರ್ಮಿಟ್ ಕೊಡಲು ಸಿದ್ಧವಿತ್ತು. ಅಷ್ಟನ್ನೂ ತೆಗೆದುಕೊಳ್ಳುವಷ್ಟು ಬೇಟೆಗಾರರೇ ಇರಲಿಲ್ಲ. 2012ರಲ್ಲಿ ಆ ಸಂಖ್ಯೆ 6,000ಕ್ಕೆ ಇಳಿದಿತ್ತು. 2013ರಲ್ಲಿ ಇನ್ನೂ ಇಳಿಸಿ 3,750 ಮಾಡಿದರು. ಕೇಳಿದ ಕೂಡಲೇ ಸಿಗುತ್ತಿದ್ದ ಪರ್ಮಿಟ್‌ಗೆ ಈಗ ಲಾಟರಿ ಎತ್ತುತ್ತಾರೆ. ಕೆಲವು ವಲಯಗಳಲ್ಲಿ ವರ್ಷಗಟ್ಟಲೆ ಕಾದವರಿಗೇ ಮೊದಲ ಸರದಿ.

ಇದರ ಹಿಂದಿನ ಕಾರಣ ಸರಳ. ಕರಡಿಗಳು ಕಮ್ಮಿಯಾದವು. 2000ದ ಆಸುಪಾಸಿನಲ್ಲಿ 20,000ಕ್ಕೂ ಮೇಲಿದ್ದ ಕಪ್ಪು ಕರಡಿಗಳು ಹತ್ತು ಹನ್ನೆರಡು ವರ್ಷದಲ್ಲಿ 12,000ದಿಂದ 15,000ದ ನಡುವೆ ಬಂದು ನಿಂತವು ಅಂತ ಅಂದಾಜು. ಆದರೆ ಕಮ್ಮಿಯಾಗುತ್ತಿವೆ ಎಂಬುದು ಗೊತ್ತಾಗುವ ಹೊತ್ತಿಗೆ ಅವು ಆಗಲೇ ಕಮ್ಮಿಯಾಗಿ ಹೋಗಿದ್ದವು. ಈ ಇಡೀ ಕತೆಯಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಕಳ್ಳಬೇಟೆ ಇಲ್ಲ, ಕಾಡು ಕಡಿದವರಿಲ್ಲ, ರೋಗ ಬಂದದ್ದೂ ಇಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ಕಾಲ ಕರಡಿಗಳ ಮೇಲೆ ಸಂಶೋಧನೆ ನಡೆದಿರುವ ಕಾಡುಗಳಲ್ಲಿ ಇದೂ ಒಂದು. ಆದರೂ ಹೀಗಾಯಿತು.

ಮೊದಲು ಒಂದು ಮಾತು. ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಕಪ್ಪು ಕರಡಿಯ ಬಗ್ಗೆ. ನಮ್ಮ ಬಳ್ಳಾರಿ, ತುಮಕೂರು ಕಡೆಯ ಕುರುಚಲು ಗುಡ್ಡಗಳಲ್ಲಿ ಗೆದ್ದಲು ಕೆದಕಿ ತಿನ್ನುವ ಕರಡಿ ಬೇರೆ. ಹಿಮಾಲಯದ ಕಪ್ಪು ಕರಡಿಯೂ ಬೇರೆ. ಅಮೆರಿಕದ ಕಪ್ಪು ಕರಡಿ ಅಳಿವಿನ ಅಂಚಿನಲ್ಲಿರುವ ಪ್ರಾಣಿಯಲ್ಲ. ಕೆನಡಾದಿಂದ ಮೆಕ್ಸಿಕೊವರೆಗೆ ಲಕ್ಷಗಟ್ಟಲೆ ಇವೆ. ಹಾಗಾಗಿ ಇದನ್ನು ಅಳಿವಿನ ಕತೆ ಅಂತ ಓದಬಾರದು. ಲೆಕ್ಕ ಹೇಗೆ ತಪ್ಪುತ್ತದೆ, ತಪ್ಪಿದ ಲೆಕ್ಕವನ್ನು ಸರಿಮಾಡುವುದು ಯಾಕೆ ಅಷ್ಟು ಕಷ್ಟ ಎಂಬುದನ್ನು ನೋಡಲು ಇದು ಒಳ್ಳೆಯ ಉದಾಹರಣೆ.

ಉಪದ್ರವದಿಂದ ಬೇಟೆಯವರೆಗೆ

ಮಿನಿಯಾಪೊಲಿಸ್‌ನಲ್ಲಿರುವ ನಮ್ಮವರು ಬೇಸಿಗೆ ರಜೆಯಲ್ಲಿ ಕಾರು ತೆಗೆದುಕೊಂಡು ಉತ್ತರಕ್ಕೆ, ಡುಲುತ್ ದಾಟಿ ಸುಪೀರಿಯರ್ ಸರೋವರದ ದಡಕ್ಕೆ ಹೋಗುತ್ತಾರೆ. ದಾರಿಯ ಎರಡೂ ಕಡೆ ಆಸ್ಪೆನ್, ಬರ್ಚ್, ಪೈನ್ ಮರಗಳ ಕಾಡು. ನಡುನಡುವೆ ಕೆರೆಗಳು, ಜೌಗು. ರಾಜ್ಯದ ಹೆಚ್ಚಿನ ಕರಡಿಗಳಿರುವುದು ಈ ಉತ್ತರದ ಕಾಡಿನಲ್ಲೇ.

1971ರವರೆಗೆ ಅಲ್ಲಿ ಕರಡಿ ಅಂದರೆ ಬರೀ ಉಪದ್ರವ. ಯಾರು ಬೇಕಾದರೂ ಯಾವಾಗ ಬೇಕಾದರೂ ಹೊಡೆಯಬಹುದಿತ್ತು. ಒಂದು ಕಾಲದಲ್ಲಿ ಕೊಂದವರಿಗೆ ಇನಾಮೂ ಸಿಗುತ್ತಿತ್ತು. 1971ರಲ್ಲಿ ಕರಡಿಯನ್ನು ದೊಡ್ಡ ಬೇಟೆಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಬೇಟೆಗೆ ಕಾಲ ಗೊತ್ತಾಯಿತು, ಲೈಸೆನ್ಸ್ ಬಂತು, 80ರ ದಶಕದಲ್ಲಿ ವಲಯಕ್ಕೆ ಇಂತಿಷ್ಟೇ ಪರ್ಮಿಟ್ ಎಂಬ ಕೋಟಾ ಪದ್ಧತಿ ಬಂತು. ವಿಚಿತ್ರ ಅನಿಸಬಹುದು, ಬೇಟೆಪ್ರಾಣಿ ಎಂಬ ಹಣೆಪಟ್ಟಿಯೇ ಕರಡಿಗೆ ಸಿಕ್ಕ ಮೊದಲ ರಕ್ಷಣೆ. ಸಂಖ್ಯೆ ಏರತೊಡಗಿತು. 80, 90ರ ದಶಕಗಳಲ್ಲಿ ಏರುತ್ತಲೇ ಹೋಯಿತು.

ಕರಡಿ ಹೆಚ್ಚಾದಂತೆ ದೂರುಗಳೂ ಹೆಚ್ಚಾದವು. ಕಸದ ಡಬ್ಬ ಉರುಳಿಸಿತು, ಜೇನುಪೆಟ್ಟಿಗೆ ಒಡೆಯಿತು, ಮೆಕ್ಕೆಜೋಳದ ಹೊಲಕ್ಕೆ ನುಗ್ಗಿತು, ಹಕ್ಕಿಗೆ ಕಾಳು ಹಾಕಿದ್ದ ಡಬ್ಬ ಕಿತ್ತುಕೊಂಡು ಹೋಯಿತು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯನ್ನು ಅಲ್ಲಿ ಎಲ್ಲರೂ ಡಿಎನ್‌ಆರ್ ಅಂತಲೇ ಕರೆಯುತ್ತಾರೆ. ಅದರ ಮುಂದೆ ಎರಡು ದಾರಿಗಳಿದ್ದವು. ಜನರಿಗೆ ಕಸ ಮುಚ್ಚಿಡಲು ಕಲಿಸುವುದು, ಇಲ್ಲವೇ ಬೇಟೆ ಹೆಚ್ಚಿಸಿ ಕರಡಿ ಕಡಿಮೆ ಮಾಡುವುದು. ಇಲಾಖೆ ಎರಡನ್ನೂ ಮಾಡಿತು. 90ರ ದಶಕದ ಉದ್ದಕ್ಕೂ ಪರ್ಮಿಟ್ ಏರಿಸುತ್ತ ಹೋಯಿತು.

ಅಂದರೆ ಇಳಿಕೆ ಆಕಸ್ಮಿಕ ಅಲ್ಲ. ಬೇಕೆಂದೇ ಶುರು ಮಾಡಿದ್ದು. ಎಲ್ಲಿ ನಿಲ್ಲಿಸಬೇಕು ಎಂಬಲ್ಲಿ ಮಾತ್ರ ಎಡವಟ್ಟಾಯಿತು.

ಡೋನಟ್‌ಗೆ ಬರುವ ಕರಡಿ

ಮಿನ್ನೆಸೋಟದಲ್ಲಿ ಕರಡಿ ಬೇಟೆ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದೆ ಈ ಎಡವಟ್ಟು ಅರ್ಥವಾಗುವುದಿಲ್ಲ.

ಕಾಡು ದಟ್ಟ. ನಡೆದುಕೊಂಡು ಹೋಗಿ ಕರಡಿ ಹುಡುಕುವುದು ಆಗದ ಮಾತು. ನಾಯಿ ಬಿಟ್ಟು ಅಟ್ಟಿಸುವುದಕ್ಕೆ ಅಲ್ಲಿ ಅನುಮತಿ ಇಲ್ಲ. ಹಾಗಾಗಿ ಎರೆ ಇಡುತ್ತಾರೆ. ಆಗಸ್ಟ್ ಮಧ್ಯದಿಂದ ಕಾಡಿನೊಳಗೆ ಒಂದು ಜಾಗ ಗುರುತು ಮಾಡಿ ಹಳಸಿದ ಡೋನಟ್, ಬ್ರೆಡ್, ಕಡಲೆಬೀಜ, ಸಿಹಿತಿಂಡಿ ಸುರಿಯುತ್ತಾರೆ. ಮೇಲೆ ಮರದ ದಿಮ್ಮಿ ಹೇರುತ್ತಾರೆ, ಸಣ್ಣಪುಟ್ಟ ಪ್ರಾಣಿಗಳು ತಿಂದುಬಿಡದಿರಲಿ ಅಂತ. ದಿನಾ ಹೋಗಿ ನೋಡುತ್ತಾರೆ. ದಿಮ್ಮಿ ಉರುಳಿದ್ದರೆ ಕರಡಿ ಬಂದಿದೆ ಎಂದರ್ಥ. ಸೆಪ್ಟೆಂಬರ್ 1ರ ಆಸುಪಾಸಿಗೆ ಬೇಟೆ ಕಾಲ ಶುರು. ಹತ್ತಿರದ ಮರದಲ್ಲಿ ಅಟ್ಟಣೆ ಕಟ್ಟಿಕೊಂಡು ಬೇಟೆಗಾರ ಸಂಜೆಯವರೆಗೆ ಅಲುಗಾಡದೆ ಕೂರುತ್ತಾನೆ.

ಎರೆ ಇಡುವುದು ಸರಿಯೇ ಎಂಬ ಜಗಳ ಅಮೆರಿಕದಲ್ಲಿ ಹಳೆಯದು. ಅದು ಇಲ್ಲಿ ಬೇಡ. (ನಮ್ಮ ದರೋಜಿಯಲ್ಲೂ ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದು ಕರಡಿ ಕರೆಯುತ್ತಾರೆ, ಅಲ್ವಾ? ಅಲ್ಲಿ ಎದುರಿಗೆ ಕೂರುವವರ ಕೈಯಲ್ಲಿ ಕ್ಯಾಮೆರಾ ಇರುತ್ತದೆ ಅಷ್ಟೇ.) ನಮಗೆ ಬೇಕಾದ ಪ್ರಶ್ನೆ ಬೇರೆ. ಕರಡಿ ಎರೆಗೆ ಯಾವಾಗ ಬರುತ್ತದೆ?

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕರಡಿಗೆ ತಿನ್ನುವುದೊಂದೇ ಕೆಲಸ. ಮುಂದೆ ಆರು ತಿಂಗಳ ಚಳಿಗಾಲದ ನಿದ್ದೆ. ಅಷ್ಟು ದಿನ ಅನ್ನ ನೀರು ಏನೂ ಇಲ್ಲ. ಮೈಯಲ್ಲಿರುವ ಕೊಬ್ಬೇ ಗತಿ. ಆ ವಾರಗಳಲ್ಲಿ ಒಂದು ಕರಡಿ ದಿನಕ್ಕೆ 15ರಿಂದ 20 ಸಾವಿರ ಕ್ಯಾಲರಿ ತಿನ್ನುತ್ತದೆ. ಹೇಜಲ್‌ನಟ್ ಕಾಯಿ, ಓಕ್ ಕಾಯಿ, ಬ್ಲೂಬೆರಿ, ರಾಸ್‌ಬೆರಿ, ಚೋಕ್‌ಚೆರಿ, ಡಾಗ್‌ವುಡ್ ಹಣ್ಣು, ಕಾಡಿನಲ್ಲಿ ಏನು ಬಿಟ್ಟಿದೆಯೋ ಅದು. ಫಸಲು ಚೆನ್ನಾಗಿದ್ದರೆ ಕರಡಿ ಡೋನಟ್ ಕಡೆ ಮುಖವನ್ನೂ ಹಾಕುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅಂತಾರಲ್ಲ, ಹಾಗೆ. ವಸಂತದಲ್ಲಿ ತಡವಾಗಿ ಹಿಮ ಬಿದ್ದು ಹೂವು ಉದುರಿದರೆ ಅಥವಾ ಬೇಸಿಗೆ ಒಣಗಿ ಹಣ್ಣು ಕಟ್ಟದಿದ್ದರೆ ಆ ವರ್ಷ ಕಾಡಿನಲ್ಲಿ ಬರ. ಆಗ ಕರಡಿಗಳು ಸಾಲುಗಟ್ಟಿ ಎರೆಗೆ ಬರುತ್ತವೆ. ಅಟ್ಟಣೆ ಮೇಲೆ ಕೂತವರಿಗೆ ಸುಗ್ಗಿ.

2001 ಅಂಥ ವರ್ಷ. ಆ ಒಂದೇ ಸೀಸನ್‌ನಲ್ಲಿ ಸುಮಾರು 5,000 ಕರಡಿಗಳು ಬೇಟೆಗೆ ಬಿದ್ದವು. ಮಾರನೇ ವರ್ಷ, 2002ರಲ್ಲಿ, ಅದರ ಅರ್ಧವೂ ಇಲ್ಲ. ಕಾಡಿನಲ್ಲಿದ್ದ ಕರಡಿಗಳು ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳಿದುಬಿಟ್ಟವೇ? ಖಂಡಿತ ಇಲ್ಲ. ಮುಖ್ಯವಾಗಿ ಬದಲಾದದ್ದು ಹಣ್ಣು ಕಾಯಿಯ ಫಸಲು. 1995ರಲ್ಲೂ ಹೀಗೆಯೇ 5,000ದ ಹತ್ತಿರ ಹೋಗಿತ್ತು. ಅದೂ ಕಾಡು ಕೈಕೊಟ್ಟ ವರ್ಷ.

ಹಬ್ಬದ ದಿನ ಖಾನಾವಳಿ ಖಾಲಿ ಹೊಡೆಯುತ್ತಿದ್ದರೆ ಊರಲ್ಲಿ ಜನ ಇಲ್ಲ ಅಂತಲ್ಲ, ಎಲ್ಲರ ಮನೆಯಲ್ಲೂ ಹೋಳಿಗೆ ಆಗಿದೆ ಅಂತ. ಖಾನಾವಳಿ ಲೆಕ್ಕ ನೋಡಿ ಊರಿನ ಜನಗಣತಿ ಮಾಡಿದರೆ ಹೇಗಿರುತ್ತದೋ ಬೇಟೆಯ ಲೆಕ್ಕ ನೋಡಿ ಕರಡಿ ಎಣಿಸುವುದೂ ಹಾಗೆಯೇ ಇರುತ್ತದೆ.

ತೊಂದರೆ ಇಷ್ಟಕ್ಕೇ ಮುಗಿಯಲಿಲ್ಲ. ಬರಗಾಲದ ವರ್ಷದ ಬೇಟೆ ಕರಡಿಗಳಿಗೆ ಮೂರು ಕಡೆಯಿಂದ ಪೆಟ್ಟು ಕೊಡುತ್ತದೆ. ಒಂದು, ಸಾಯುವ ಸಂಖ್ಯೆಯೇ ಜಾಸ್ತಿ. ಎರಡು, ಸಾಯುವವುಗಳಲ್ಲಿ ಹೆಣ್ಣಿನ ಪಾಲು ಹೆಚ್ಚುತ್ತದೆ. ಗಂಡು ಕರಡಿ ಹೇಗೂ ದೂರ ದೂರ ಅಲೆಯುವ ಪ್ರಾಣಿ, ಎಲ್ಲ ವರ್ಷವೂ ಎರೆಗೆ ಸಿಕ್ಕಿಬೀಳುತ್ತದೆ. ಹೆಣ್ಣು ತನ್ನ ಜಾಗ ಬಿಟ್ಟು ಕದಲುವುದು ಕಡಿಮೆ. ಹಸಿವು ಅದನ್ನೂ ಎಬ್ಬಿಸಿ ಎರೆಯ ಬಳಿಗೆ ತರುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು. ಕಪ್ಪು ಕರಡಿ ಬೇಸಿಗೆಯ ಶುರುವಿನಲ್ಲಿ ಕೂಡುತ್ತದೆ. ಆದರೆ ಗರ್ಭ ಕೂಡಲೇ ನಿಲ್ಲುವುದಿಲ್ಲ. ಭ್ರೂಣ ಬೆಳೆಯದೆ ತಿಂಗಳುಗಟ್ಟಲೆ ಹಾಗೇ ಇದ್ದು, ನವೆಂಬರ್ ಸುಮಾರಿಗೆ ಗರ್ಭಕೋಶಕ್ಕೆ ಅಂಟಿಕೊಳ್ಳುತ್ತದೆ. ಅದೂ ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬಿದ್ದರೆ ಮಾತ್ರ. ಇಲ್ಲದಿದ್ದರೆ ಆ ವರ್ಷ ಮರಿಯೇ ಇಲ್ಲ. ಬೇಟೆಗಾರರು ಸಂಭ್ರಮಪಟ್ಟ ಸೀಸನ್ನಿನ ಮರುವರ್ಷ ಬಿಲಗಳಲ್ಲಿ ಮರಿಗಳೂ ಕಮ್ಮಿ.

ಅಂಥ ವರ್ಷದ ಬೇಟೆ ಸಂಖ್ಯೆ ನೋಡಿದವರಿಗೆ ಏನನಿಸುತ್ತದೆ? "ಅಬ್ಬಾ, ಎಷ್ಟು ಕರಡಿ!" ಕಾಡಿಗೆ ಅತಿ ಹೆಚ್ಚು ಪೆಟ್ಟು ಬಿದ್ದ ವರ್ಷವೇ ಕಾಗದದ ಮೇಲೆ ಅತಿ ಸಮೃದ್ಧ ವರ್ಷವಾಗಿ ಕಾಣುತ್ತದೆ.

ಹಲ್ಲಿನಲ್ಲಿ ಬರೆದ ಲೆಕ್ಕ

ಡಿಎನ್‌ಆರ್ ವಿಜ್ಞಾನಿಗಳಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ಕಾಡಿನ ಫಸಲು ಹೇಗಿದೆ ಅಂತ ಅವರು ಪ್ರತಿ ವರ್ಷ ಸಮೀಕ್ಷೆ ಮಾಡುತ್ತಾರೆ. ಬೇಟೆ ಸಂಖ್ಯೆ ಓದುವಾಗ ಅದನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ಆದರೂ ಕಾಡಿನೊಳಗಿನ ನಿಜ ಸಂಖ್ಯೆ ಬೇಕಲ್ಲ. ಅದಕ್ಕೆ ಅವರು ಹಿಡಿದ ದಾರಿ ಬಹಳ ಜಾಣತನದ್ದು.

ಟೆಟ್ರಾಸೈಕ್ಲಿನ್ ನಮಗೆಲ್ಲ ಗೊತ್ತಿರುವ ಆ್ಯಂಟಿಬಯಾಟಿಕ್. ಮಕ್ಕಳಿಗೆ ಕೊಟ್ಟರೆ ಹಲ್ಲು ಹಳದಿಯಾಗುತ್ತದೆ ಅಂತ ಡಾಕ್ಟರುಗಳು ಎಚ್ಚರಿಸುವ ಔಷಧಿ. ಕರಡಿ ತಿಂದರೂ ಹಲ್ಲಿನಲ್ಲಿ, ಮೂಳೆಯಲ್ಲಿ ಅದರ ಗುರುತು ಉಳಿಯುತ್ತದೆ. ನೇರಳಾತೀತ ಬೆಳಕಿನಲ್ಲಿ ಹಿಡಿದರೆ ಗೆರೆ ಹೊಳೆಯುತ್ತದೆ. ವಿಜ್ಞಾನಿಗಳು ಟೆಟ್ರಾಸೈಕ್ಲಿನ್ ಸೇರಿಸಿದ ಎರೆಗಳನ್ನು ರಾಜ್ಯದ ಕರಡಿ ಕಾಡಿನ ಉದ್ದಗಲಕ್ಕೂ ಕಟ್ಟಿದರು. ಎಷ್ಟು ಎರೆಗಳನ್ನು ಕರಡಿ ತಿಂದಿದೆ ಅಂತ ನೋಡಿಕೊಂಡರು. ಆಮೇಲೆ ಕಾದರು. ಬೇಟೆಯಾಡಿದವರು ಕರಡಿಯ ಒಂದು ಹಲ್ಲು ಇಲಾಖೆಗೆ ಕೊಡಬೇಕೆಂಬುದು ಅಲ್ಲಿನ ನಿಯಮ. ಬಂದ ಹಲ್ಲುಗಳಲ್ಲಿ ಎಷ್ಟರಲ್ಲಿ ಹೊಳೆಯುವ ಗೆರೆ ಇದೆ ಎಂಬುದರಿಂದ ಒಟ್ಟು ಕರಡಿ ಎಷ್ಟಿರಬೇಕು ಅಂತ ಲೆಕ್ಕ ಹಾಕಿದರು. ಗುರುತು ಹಾಕಿದ್ದು ಸಾವಿರ, ಬಂದ ಹಲ್ಲುಗಳಲ್ಲಿ ಇಪ್ಪತ್ತಕ್ಕೆ ಒಂದರಲ್ಲಿ ಗುರುತಿದೆ ಅಂತ ಇಟ್ಟುಕೊಳ್ಳಿ. ಆಗ ಕಾಡಿನಲ್ಲಿರುವುದು ಸುಮಾರು ಇಪ್ಪತ್ತು ಸಾವಿರ. ಒಂದು ಕರಡಿಯನ್ನೂ ಹಿಡಿಯದೆ, ಅರಿವಳಿಕೆ ಕೊಡದೆ ರಾಜ್ಯಕ್ಕೆ ರಾಜ್ಯವನ್ನೇ ಎಣಿಸುವ ದಾರಿ ಇದು.

ಈ ಕೆಲಸ ನಾಲ್ಕು ಸಲ ಆಯಿತು. 1991, 1997, 2002 ಮತ್ತು 2008. ವರ್ಷಗಳ ನಡುವಿನ ಅಂತರ ನೋಡಿ. 2002ರ ಹೊತ್ತಿಗೆ ಸಂಖ್ಯೆ ತುದಿ ಮುಟ್ಟಿತ್ತು. 2008ರ ಲೆಕ್ಕ ಬಂದಾಗ ದೊಡ್ಡ ಇಳಿಕೆ ಕಂಡಿತು. ನಡುವೆ ಆರು ವರ್ಷ.

ಆ ಆರು ವರ್ಷಗಳಲ್ಲಿ ಇಲಾಖೆ ಕಣ್ಣುಮುಚ್ಚಿ ಕೂತಿರಲಿಲ್ಲ. ಅದೇ ಹಲ್ಲುಗಳಿಂದ ಇನ್ನೂ ಎರಡು ಸುಳಿವು ಸಿಗುತ್ತವೆ. ಕರಡಿಯ ಹಲ್ಲಿನ ಬೇರಿನಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಬಳೆ ಮೂಡುತ್ತದೆ. ಎಣಿಸಿದರೆ ವಯಸ್ಸು. ಸತ್ತ ಕರಡಿಗಳ ವಯಸ್ಸು ಮತ್ತು ಗಂಡು ಹೆಣ್ಣು ಲೆಕ್ಕ ಜೋಡಿಸಿ ನೋಡಿದರೆ ಬೇಟೆಯ ಒತ್ತಡ ತಿಳಿಯುತ್ತದೆ. ಎಳೆಯ ಕರಡಿಗಳಲ್ಲಿ ಹೆಚ್ಚು ಸಾಯುವುದು ಗಂಡು, ಏಕೆಂದರೆ ಅವು ಅಲೆಯುತ್ತವೆ. ವಯಸ್ಸು ಮೇಲೇರಿದಂತೆ ಗಂಡುಗಳೆಲ್ಲ ಮುಗಿದು, ಬೇಟೆಯಲ್ಲಿ ಹೆಣ್ಣಿನ ಪಾಲು ಹೆಚ್ಚುತ್ತದೆ. ಯಾವ ವಯಸ್ಸಿಗೆ ಗಂಡು ಹೆಣ್ಣು ಸರಿಸಮ ಆಗುತ್ತವೆ ಎಂಬುದನ್ನು ನೋಡಬೇಕು. ಆ ವಯಸ್ಸು ಎಳೆಯದಾದಷ್ಟೂ ಬೇಟೆ ಜಾಸ್ತಿ ಎಂದರ್ಥ.

ಇನ್ನೊಂದು ದಾರಿ ಹಿಂದಕ್ಕೆ ಎಣಿಸುವುದು. 2010ರಲ್ಲಿ ಹೊಡೆದ ಕರಡಿಗೆ ಏಳು ವರ್ಷ ಅಂದರೆ ಅದು 2003ರಲ್ಲೂ ಕಾಡಿನಲ್ಲಿತ್ತು ಅಂತಾಯಿತು. ಹೀಗೆ ವರ್ಷವರ್ಷದ ಹಲ್ಲುಗಳನ್ನು ಸೇರಿಸುತ್ತ ಹೋದರೆ 2003ರಲ್ಲಿ ಕನಿಷ್ಠ ಎಷ್ಟಿದ್ದವು ಅಂತ ಹೇಳಬಹುದು. ಇದರಲ್ಲಿರುವ ಮಿತಿ ತಕ್ಷಣ ಹೊಳೆಯುತ್ತದೆ, ಅಲ್ವಾ? ಹತ್ತು ವರ್ಷ ಹಿಂದಿನ ಲೆಕ್ಕ ಗಟ್ಟಿ. ಐದು ವರ್ಷ ಹಿಂದಿನದು ಪರವಾಗಿಲ್ಲ. ಈ ವರ್ಷದ್ದು ಮಾತ್ರ ಮಸುಕು, ಏಕೆಂದರೆ ಈ ವರ್ಷ ಬದುಕಿದ್ದ ಕರಡಿಗಳಲ್ಲಿ ಹೆಚ್ಚಿನವು ಇನ್ನೂ ಸತ್ತೇ ಇಲ್ಲ. ಅವುಗಳ ಹಲ್ಲು ಇಲಾಖೆಗೆ ಬರಬೇಕಾದರೆ ಅವು ಸಾಯಬೇಕು. ಪರ್ಮಿಟ್ ತೀರ್ಮಾನ ಮಾಡಬೇಕಾದದ್ದು ಮಾತ್ರ ಈ ವರ್ಷವೇ.

2000ದ ದಶಕದಲ್ಲಿ ಇಲಾಖೆ ಪರ್ಮಿಟ್ ಇಳಿಸುತ್ತಲೇ ಬಂತು. ಆದರೆ ಮೆಟ್ಟಿಲು ಮೆಟ್ಟಿಲಾಗಿ. ಕರಡಿ ಅದಕ್ಕಿಂತ ಬೇಗ ಇಳಿಯುತ್ತಿತ್ತು. 2013ರಲ್ಲಿ ಒಂದೇ ಏಟಿಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಕತ್ತರಿಸಿದ್ದು ಅದರ ಅರಿವಾದ ಮೇಲೆ.

ಲೈಸೆನ್ಸ್ ದುಡ್ಡಿಗಾಗಿ ಇಲಾಖೆ ಕರಡಿಗಳನ್ನು ಬಲಿಕೊಟ್ಟಿತು ಎಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ಅಮೆರಿಕದಲ್ಲಿ ವನ್ಯಜೀವಿ ಇಲಾಖೆಗಳು ನಡೆಯುವುದು ಬಹುಪಾಲು ಬೇಟೆ ಲೈಸೆನ್ಸ್ ಹಣದಿಂದ ಮತ್ತು 1937ರ ಕಾನೂನಿನಂತೆ ಬಂದೂಕು, ಗುಂಡುಗಳ ಮೇಲೆ ವಿಧಿಸುವ ತೆರಿಗೆಯಿಂದ ಎಂಬುದು ನಿಜ. ಆದರೆ ಈ ವಿಷಯದಲ್ಲಿ ಆ ಆರೋಪ ನಿಲ್ಲುವುದಿಲ್ಲ ಅನ್ನಿಸುತ್ತದೆ. ದುಡ್ಡೇ ಮುಖ್ಯವಾಗಿದ್ದರೆ ಪರ್ಮಿಟ್ ಐದನೇ ಒಂದಕ್ಕೂ ಕೆಳಗೆ ಇಳಿಸುತ್ತಿರಲಿಲ್ಲ. ನನ್ನ ತಕರಾರು ಬೇರೆ. ಇಷ್ಟು ಒಳ್ಳೆಯ ಎಣಿಕೆ ವಿಧಾನ ಕೈಯಲ್ಲಿತ್ತು. ಸಂಖ್ಯೆ ಇಳಿಸಬೇಕೆಂದು ತಾವೇ ಹೊರಟಿದ್ದ ಕಾಲದಲ್ಲಿ ಅದನ್ನು ಇನ್ನೂ ಬೇಗ ಬೇಗ ಮಾಡಬೇಕಿತ್ತು. ಗಾಡಿ ಇಳಿಜಾರಿನಲ್ಲಿದ್ದಾಗಲೇ ತಾನೇ ರಸ್ತೆ ಜಾಸ್ತಿ ನೋಡಬೇಕಾದದ್ದು?

ದೂರುಗಳ ಸಂಖ್ಯೆಯೂ ಆಗ ಸಹಾಯಕ್ಕೆ ಬರಲಿಲ್ಲ. ಕರಡಿ ಕಾಟದ ದೂರು ಇಳಿದಿತ್ತು ನಿಜ. ಆದರೆ ಅಷ್ಟರಲ್ಲಿ ಇಲಾಖೆ ಕಾಟ ಕೊಡುವ ಕರಡಿಗಳನ್ನು ಬೋನಿನಲ್ಲಿ ಹಿಡಿದು ಸಾಗಿಸುವುದನ್ನು ಬಹುತೇಕ ಬಿಟ್ಟು, ಫೋನಿನಲ್ಲೇ ಸಲಹೆ ಕೊಡಲು ಶುರು ಮಾಡಿತ್ತು. ಬಂದು ಹಿಡಿದುಕೊಂಡು ಹೋಗುವುದಿಲ್ಲ ಅಂದ ಮೇಲೆ ದೂರು ಕೊಡುವವರೂ ಕಮ್ಮಿಯಾಗುತ್ತಾರೆ.

ನಂಬರ್ 56

ಈ ರಾಜ್ಯದ ಕರಡಿಗಳ ಆಯಸ್ಸು ಹೇಗೆ ಮುಗಿಯುತ್ತದೆ ಎಂಬುದಕ್ಕೆ ಒಂದು ಹೆಣ್ಣು ಕರಡಿಯ ಬದುಕನ್ನು ನೋಡಬಹುದು. ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಡಿಎನ್‌ಆರ್ ಕಚೇರಿಯಿಂದ ಡೇವ್ ಗಾರ್ಶೆಲಿಸ್, ಕ್ಯಾರೆನ್ ನಾಯ್ಸ್ ಮತ್ತು ಜೊತೆಗಾರರು ದಶಕಗಳ ಕಾಲ ಚಿಪ್ಪೆವಾ ರಾಷ್ಟ್ರೀಯ ಅರಣ್ಯದ ಕರಡಿಗಳಿಗೆ ರೇಡಿಯೋ ಕಾಲರ್ ಹಾಕಿ ಹಿಂಬಾಲಿಸಿದರು. ಗಾರ್ಶೆಲಿಸ್ ನಮ್ಮ ಕಡೆಯ ಕರಡಿಯ ಮೇಲೂ ನೇಪಾಳದ ಚಿತ್ವನ್‌ನಲ್ಲಿ ಕೆಲಸ ಮಾಡಿದವರು. 1981ರ ಜುಲೈನಲ್ಲಿ ಏಳು ವರ್ಷದ ಒಂದು ಹೆಣ್ಣಿಗೆ ಕಾಲರ್ ಹಾಕಿದರು. ಜೊತೆಗೆ ಮೂರು ಮರಿಗಳಿದ್ದವು. ಅದಕ್ಕೆ ಕೊಟ್ಟ ಸಂಖ್ಯೆ 56.

1981ರಿಂದ 1995ರವರೆಗೆ ಅದು ಎಂಟು ಸಲ ಈಯಿತು. ಒಟ್ಟು 22 ಮರಿ. ಅವುಗಳಲ್ಲಿ 21ನ್ನು ಒಂದೂವರೆ ವರ್ಷದವರೆಗೆ ಬೆಳೆಸಿತು. 25ನೇ ವಯಸ್ಸಿನಲ್ಲಿ, 1999ರಲ್ಲಿ, ಕೊನೆಯ ಸಲ ಮರಿ ಹಾಕಿತು. 2013ರ ಆಗಸ್ಟ್‌ನಲ್ಲಿ ವಯಸ್ಸಾಗಿ ಸತ್ತಾಗ ಅದಕ್ಕೆ 39 ವರ್ಷ ಆರು ತಿಂಗಳು. ವಯಸ್ಸು ಖಚಿತವಾಗಿ ಗೊತ್ತಿರುವ ಕಾಡು ಕರಡಿಗಳಲ್ಲಿ ಜಗತ್ತಿನಲ್ಲೇ ಹಿರಿಯದು. ಪತ್ರಿಕೆಗಳೆಲ್ಲ ಬರೆದವು.

ಆದರೆ ಈ ಸುದ್ದಿಯ ಇನ್ನೊಂದು ಮಗ್ಗಲು ನನಗೆ ಮುಖ್ಯ ಅನ್ನಿಸಿತು. ಆ ಯೋಜನೆಯಲ್ಲಿ ಅಷ್ಟರವರೆಗೆ ಕಾಲರ್ ಹಾಕಿದ ನೂರಾರು ಕರಡಿಗಳಲ್ಲಿ ಮುಪ್ಪಿನಿಂದ ಸತ್ತವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಹುಪಾಲು ಸತ್ತದ್ದು ಬೇಟೆಗೆ. ಕಾಲರ್ ಇರುವ ಕರಡಿಯನ್ನು ಹೊಡೆಯಬೇಡಿ ಅಂತ ಇಲಾಖೆ ಪ್ರತಿ ವರ್ಷ ಕೇಳಿಕೊಳ್ಳುತ್ತದೆ. ದೂರದಿಂದಲೇ ಕಾಣಲಿ ಅಂತ ಕಿವಿಗೆ ಬಣ್ಣಬಣ್ಣದ ದೊಡ್ಡ ಬಿಲ್ಲೆಗಳನ್ನೂ ಹಾಕುತ್ತದೆ. ಆದರೆ ಅದು ಬರೀ ಮನವಿ. ಹೊಡೆದರೆ ಕಾನೂನಿನ ಅಡ್ಡಿ ಇಲ್ಲ.

ಈಗ ಲೆಕ್ಕ ಹಾಕಿ. ಮಿನ್ನೆಸೋಟದ ಹೆಣ್ಣು ಕರಡಿ ಮೊದಲ ಸಲ ಈಯುವುದು ಸಾಮಾನ್ಯವಾಗಿ ನಾಲ್ಕನೇ ವಯಸ್ಸಿಗೆ. ಆಮೇಲೆ ಎರಡು ವರ್ಷಕ್ಕೊಮ್ಮೆ, ಸಲಕ್ಕೆ ಎರಡೋ ಮೂರೋ ಮರಿ. ಬೇಟೆಗೆ ಬೀಳುವ ಕರಡಿಗಳಲ್ಲಿ ಎರಡು ಮೂರು ವರ್ಷದ ಎಳೆಯವೇ ಜಾಸ್ತಿ. ಅಂದರೆ ಎಷ್ಟೋ ಹೆಣ್ಣುಗಳು ಒಂದು ಸಲವೂ ಮರಿ ಹಾಕದೆ ಹೋಗುತ್ತವೆ. ಮರಿಗಳನ್ನು ಹೊಡೆಯುವಂತಿಲ್ಲ ಎಂಬ ನಿಯಮವಿದೆ. ಆದರೆ ಸಂಜೆಯ ಮಬ್ಬಿನಲ್ಲಿ, ಪೊದೆಯ ನಡುವೆ ಬಂದು ನಿಂತ ಕಪ್ಪು ಮೈ ಗಂಡೋ ಹೆಣ್ಣೋ ಅಂತ ಹೇಳುವುದು ಪಳಗಿದ ಬೇಟೆಗಾರನಿಗೂ ಕಷ್ಟ. ಜಿಂಕೆಯಂತೆ ಕೊಂಬಿನ ಗುರುತಿಲ್ಲವಲ್ಲ.

ಇದೇ ಕಾಡಿನಲ್ಲಿ ಕರಡಿಯನ್ನು ಬೇರೆ ಕಣ್ಣಿನಿಂದ ನೋಡುವ ಜನರೂ ಇದ್ದಾರೆ. ಚಿಪ್ಪೆವಾ ಅರಣ್ಯದ ದೊಡ್ಡ ಭಾಗ ಲೀಚ್ ಲೇಕ್ ಒಜಿಬ್ವೆ ಎಂಬ ಮೂಲನಿವಾಸಿ ಜನರ ಮೀಸಲು ನೆಲದೊಳಗೇ ಬರುತ್ತದೆ. ಅವರ ಮಾತಿನಲ್ಲಿ ಕರಡಿ ಅಂದರೆ ಮಕ್ವಾ. ಅದರ ಹೆಸರಿನ ಕುಲವೇ ಇದೆ. ಊರ ಕಾವಲು, ಔಷಧಿ ಗಿಡಗಳ ತಿಳಿವಳಿಕೆ ಆ ಕುಲದವರ ಪಾಲಿಗೆ ಬಂದ ಕೆಲಸ. ಒಜಿಬ್ವೆ ಜನರಲ್ಲಿ ಬೇಟೆಯಾಡುವವರೂ ಇದ್ದಾರೆ. ಮೀಸಲು ನೆಲದಲ್ಲಿ ತಮ್ಮವರ ಬೇಟೆಗೆ ನಿಯಮ ಮಾಡುವುದು ಅವರದೇ ಆಡಳಿತ.

ಪರ್ಮಿಟ್ ಇಳಿಸಿದರೂ ಕರಡಿ ಏರಲಿಲ್ಲ

2013ರ ಕಡಿತದ ನಂತರ ಎಲ್ಲರೂ ಅಂದುಕೊಂಡದ್ದು ಕರಡಿಗಳು ಬೇಗ ಚೇತರಿಸಿಕೊಳ್ಳುತ್ತವೆ ಅಂತ. 2013, 2014ರಲ್ಲಿ ಬೇಟೆ 2,000ದೊಳಗೆ ಇಳಿಯಿತು. ಆದರೆ ಸಂಖ್ಯೆ ನಿರೀಕ್ಷಿಸಿದಷ್ಟು ಏರಲಿಲ್ಲ. ಯಾಕೆ?

ಮೊದಲ ಕಾರಣ ಬೇಟೆಗಾರರ ಸಂಖ್ಯೆಯಲ್ಲೇ ಇದೆ. ಹದಿನೈದು ಸಾವಿರ ಜನ ಕಾಡಿನಲ್ಲಿ ಎರೆ ಇಟ್ಟಾಗ ಒಬ್ಬರ ಎರೆಯ ಪಕ್ಕದಲ್ಲೇ ಇನ್ನೊಬ್ಬರದು. ಒಂದೇ ಕರಡಿ ನಾಲ್ಕು ಕಡೆ ತಿಂದು ಒಂದು ಕಡೆ ಸಾಯುತ್ತಿತ್ತು. ಮೂವರು ಬರಿಗೈಯಲ್ಲಿ ಮನೆಗೆ. ಜನ ಕಮ್ಮಿಯಾದಾಗ ಉಳಿದವರಿಗೆ ಒಳ್ಳೆಯ ಜಾಗ ಸಿಗುತ್ತದೆ, ಪೈಪೋಟಿ ಇಲ್ಲ. ಅದೂ ಅಲ್ಲದೆ ವರ್ಷಗಟ್ಟಲೆ ಕಾದು ಲಾಟರಿಯಲ್ಲಿ ಪರ್ಮಿಟ್ ಪಡೆದವನು ಸುಮ್ನೆ ಒಂದು ವಾರಾಂತ್ಯ ಹೋಗಿ ಬರುವವನಲ್ಲ. ರಜೆ ಹಾಕಿ, ದಿನಾ ಎರೆ ನೋಡಿ, ಪಟ್ಟು ಹಿಡಿದು ಕೂರುತ್ತಾನೆ. ಹಾಗಾಗಿ ಗುರಿ ಮುಟ್ಟುವವರ ಪಾಲು ಏರಿತು. ಪರ್ಮಿಟ್ ಅರ್ಧ ಮಾಡಿದರೆ ಬೇಟೆ ಅರ್ಧ ಆಗುವುದಿಲ್ಲ. ಈ ಲೆಕ್ಕ ಕಾಗದದ ಮೇಲೆ ಮೊದಲೇ ಗೊತ್ತಿದ್ದರೂ ಎಷ್ಟರ ಮಟ್ಟಿಗೆ ಎಂಬುದು ಅನುಭವದಿಂದಲೇ ತಿಳಿಯಬೇಕಾಯಿತು.

ಎರಡನೆಯದು ಮತ್ತೆ ಹಣ್ಣು ಕಾಯಿಯದೇ. 2016ರಲ್ಲಿ ಪರ್ಮಿಟ್ ಹೆಚ್ಚುಕಡಿಮೆ ಹಿಂದಿನಷ್ಟೇ ಇದ್ದರೂ ಬೇಟೆ ಮೇಲಕ್ಕೆ ಹಾರಿತು. 2020ರಲ್ಲಿ 3,000 ದಾಟಿತು. ಪರ್ಮಿಟ್ ಬಿಗಿಹಿಡಿದು ನಾಲ್ಕು ವರ್ಷ ಉಳಿಸಿದ ಹೆಣ್ಣುಗಳನ್ನು ಒಂದು ಕೆಟ್ಟ ಫಸಲಿನ ವರ್ಷ ಖಾಲಿ ಮಾಡಬಲ್ಲದು. ಪರ್ಮಿಟ್ ಸಂಖ್ಯೆ ತೀರ್ಮಾನವಾಗುವುದು ಬೇಸಿಗೆಗೂ ಮುಂಚೆ. ಫಸಲು ಹೇಗಿದೆ ಅಂತ ಗೊತ್ತಾಗುವುದು ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಪರ್ಮಿಟ್ ಬೇಟೆಗಾರರ ಜೇಬಿನಲ್ಲಿರುತ್ತದೆ, ಎರೆ ಕಾಡಿನಲ್ಲಿರುತ್ತದೆ. ಬರಗಾಲದ ವರ್ಷ ಸೀಸನ್ ಬೇಗ ಮುಗಿಸುವ ವ್ಯವಸ್ಥೆ ಯಾಕಿರಬಾರದು ಎಂಬ ಪ್ರಶ್ನೆ ಇಲ್ಲಿ ಸಹಜ. ಬೇಟೆಯ ಬಹುಪಾಲು ಮೊದಲ ಒಂದೆರಡು ವಾರದಲ್ಲೇ ಮುಗಿದುಹೋಗುವುದರಿಂದ ಕೊನೆಯ ವಾರಗಳನ್ನು ಕತ್ತರಿಸಿ ಹೆಚ್ಚು ಪ್ರಯೋಜನವಿಲ್ಲ. ಶುರುವನ್ನೇ ಮುಂದೂಡಿದರೆ ಪ್ರಯೋಜನ ಆಗಬಹುದು. ಮರಿ ಹೊತ್ತ ಹೆಣ್ಣುಗಳು ಎಲ್ಲಕ್ಕಿಂತ ಮೊದಲು ಬಿಲ ಸೇರುತ್ತವೆ. ಆದರೆ ಎರಡು ವಾರ ಎರೆ ಸುರಿದು ಕೂತವರು ಒಪ್ಪುತ್ತಾರೆಯೇ?

ಮುಚ್ಚಿಬಿಟ್ಟರೆ ಚೇತರಿಕೆ ಬೇಗ ಎಂಬುದಕ್ಕೆ ಉದಾಹರಣೆ ಇದೆ. ಪೆನ್ಸಿಲ್ವೇನಿಯದಲ್ಲಿ ಕರಡಿ ತೀರಾ ಕಮ್ಮಿಯಾದಾಗ 1970, 1977, 1978ರಲ್ಲಿ ಬೇಟೆಯನ್ನೇ ನಿಲ್ಲಿಸಿದರು. 2019ರಲ್ಲಿ ಅದೇ ರಾಜ್ಯದಲ್ಲಿ 4,653 ಕರಡಿಗಳ ಬೇಟೆಯಾಗಿ ದಾಖಲೆ ಆಯಿತು. ಮಿನ್ನೆಸೋಟದ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ. ಹನ್ನೆರಡು ಸಾವಿರ ಕರಡಿ ಇರುವಾಗ ಬೇಟೆ ನಿಲ್ಲಿಸಿ ಅಂತ ಯಾರೂ ಗಂಭೀರವಾಗಿ ಕೇಳುತ್ತಿಲ್ಲ. ಕೇಳುವ ಅಗತ್ಯವೂ ನನಗೆ ಕಾಣುವುದಿಲ್ಲ. ತುದಿಯಲ್ಲಿದ್ದ ಇಪ್ಪತ್ತು ಸಾವಿರವೇ ಸರಿಯಾದ ಸಂಖ್ಯೆ ಅಂತ ಯಾರು ಹೇಳಿದವರು? ಜೇನು ಸಾಕುವವರನ್ನು ಕೇಳಿದರೆ ಒಂದು ಉತ್ತರ, ಬೇಟೆಗೆ ಜನರನ್ನು ಕರೆದೊಯ್ದು ಹೊಟ್ಟೆ ಹೊರೆಯುವ ಗೈಡ್‌ಗಳನ್ನು ಕೇಳಿದರೆ ಇನ್ನೊಂದು.

ಮೂರನೇ ಕಾರಣಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಪರ್ಮಿಟ್ ಕೋಟಾ ಇರುವುದು ಉತ್ತರದ ಮುಖ್ಯ ಕಾಡುಗಳಿಗೆ ಮಾತ್ರ. ದಕ್ಷಿಣ ಮತ್ತು ಪಶ್ಚಿಮದಲ್ಲಿ ಕಾಡು ಮುಗಿದು ಹೊಲಗಳು ಶುರುವಾಗುವ ಅಂಚು ಕೋಟಾ ಇಲ್ಲದ ವಲಯ. ಅಲ್ಲಿ ಕರಡಿ ನೆಲೆಸುವುದು ಬೇಡ ಅಂತಲೇ ಮೊದಲಿನಿಂದ ಇದ್ದ ಯೋಚನೆ. ಆದರೆ ಕರಡಿಗಳು ಈಗ ಹೆಚ್ಚು ಹೆಚ್ಚಾಗಿ ಆ ಕಡೆಗೇ ಹರಡುತ್ತಿವೆ. ಓಕ್ ಮರಗಳು ಅಲ್ಲಿ ಜಾಸ್ತಿ. ಮೆಕ್ಕೆಜೋಳ, ಸೂರ್ಯಕಾಂತಿ ಹೊಲಗಳು ಕಾಡಿಗೆ ಅಂಟಿಕೊಂಡೇ ಇವೆ. ವಾಯವ್ಯದ ಅಂಚಿನಲ್ಲಿ ಹೊಲದ ಬೆಳೆ ತಿಂದು ಬೆಳೆದ ಕರಡಿಗಳು ಒಳಕಾಡಿನವುಗಳಿಗಿಂತ ದಪ್ಪವಾಗಿ, ಬೇಗ ಬೆಳೆಯುತ್ತವೆ. ಉತ್ತರದಲ್ಲಿ ಹುಟ್ಟಿದ ಎಳೆ ಗಂಡುಗಳು ಜಾಗ ಹುಡುಕುತ್ತ ಹೊರಟರೆ ಬಂದು ಸೇರುವುದೂ ಇಲ್ಲಿಗೇ. ರಾಜ್ಯದ ಒಟ್ಟು ಬೇಟೆಯಲ್ಲಿ ಈ ಅಂಚಿನ ಪಾಲು ಮೊದಲಿಗಿಂತ ಹೆಚ್ಚಾಗಿದೆ. ಉತ್ತರದಲ್ಲಿ ಒಂದೊಂದು ಪರ್ಮಿಟ್‌ಗೂ ಲಾಟರಿ ಎತ್ತುವ ಇಲಾಖೆ ಇಲ್ಲಿ ಕೇಳಿದವರಿಗೆಲ್ಲ ಲೈಸೆನ್ಸ್ ಕೊಡುತ್ತದೆ. ಎಷ್ಟು ಕೊಡಬೇಕು ಎಂಬುದಕ್ಕೆ ಮಿತಿ ಇಲ್ಲ.